ಅಪ್‌ಡೇಟ್: ಮೊಟ್ಟೆ ಸಿಕ್ಕಿಕೊಂಡಿದ್ದ ಹೇಂಟೆ ಉಳಿಯಿತು

ಹೋದ ವಾರ ಇಲ್ಲಿ ಕೇಳಿದ್ದೆ ಅಲ್ವಾ, ನಮ್ಮ ಕೆಂಪು ಹೇಂಟೆ ಬಾಲ ಇಳಿಬಿಟ್ಟು, ಪುಕ್ಕ ಉಬ್ಬಿಸಿಕೊಂಡು ತಿಣುಕುತ್ತಿದೆ, ಮೊಟ್ಟೆ ಬರ್ತಿಲ್ಲ ಅಂತ. ಸಕಲೇಶಪುರದ ಮಳೆ, ಚಳಿ ಬೇರೆ. ತುಂಬಾ ಭಯವಾಗಿತ್ತು.

ಉಳಿಸಿದ್ದು ಇಲ್ಲಿ ಒಬ್ಬ ಅಕ್ಕ ಕೊಟ್ಟ ಬೆಚ್ಚನೆಯ ನೀರಿನ ಸಲಹೆ. ಬಚ್ಚಲ ಹಂಡೆಯ ನೀರನ್ನು ಹದ ಮಾಡಿ ಟಬ್‌ಗೆ ಹಾಕಿ, ಹೊಟ್ಟೆ ಮುಳುಗುವಷ್ಟು ನೀರಲ್ಲಿ 20 ನಿಮಿಷ ಕೂರಿಸಿದೆ. ಮೊದಲು ಒದ್ದಾಡಿತು. ಆಮೇಲೆ ಕಣ್ಣು ಮುಚ್ಚಿ ನನ್ನ ಕೈಗೆ ಒರಗಿತು. ಒರೆಸಿ, ಹಿಂಬದಿಗೆ ಕೊಬ್ಬರಿ ಎಣ್ಣೆ ಸವರಿ, ಒಲೆ ಪಕ್ಕ ಬುಟ್ಟಿ ಕವುಚಿ ಕತ್ತಲು ಮಾಡಿದೆ. ಸಂಜೆ ಇನ್ನೊಂದು ಸಲ. ರಾತ್ರಿ ಬುಟ್ಟಿ ಎತ್ತಿದರೆ ಮೊಟ್ಟೆ! ಸಿಪ್ಪೆ ಉಪ್ಪುಕಾಗದದ ಹಾಗೆ ತರಿತರಿ, ಬೆರಳು ಒತ್ತಿದರೆ ತಗ್ಗಾಗುವಷ್ಟು ತೆಳು.

ಹರಳೆಣ್ಣೆ ಕುಡಿಸಿದ್ದು ಉಪಯೋಗಕ್ಕೆ ಬರಲಿಲ್ಲ. ಅದು ಹೋಗೋದು ಕರುಳಿಗೆ, ಮೊಟ್ಟೆಯ ದಾರಿ ಬೇರೆ. ಹೊಟ್ಟೆ ಒತ್ತಿ ಅಂದವರಿದ್ದರು, ದಯವಿಟ್ಟು ಬೇಡ. ಒಳಗೆ ಒಡೆದರೆ ನಂಜಾಗಿ ಕೋಳಿ ಸಾಯಬಹುದು.

ಗೊತ್ತಿರದ ವಿಷಯ ಪಶುವೈದ್ಯರು ಹೇಳಿದರು. ಒಂದು ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕಂತೆ. ಅದು ಕಮ್ಮಿಯಾದರೆ ಮೊಟ್ಟೆ ತಳ್ಳುವ ಸ್ನಾಯುವೂ ಸೋಲುತ್ತದೆ. ನಾನು ಬರೀ ನುಚ್ಚು, ಅನ್ನ ಹಾಕುತ್ತಿದ್ದೆ. ಈಗ ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಗಳ ಆಹಾರ) ಜೊತೆ ಕ್ಯಾಲ್ಸಿಯಂಗೆ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡುತ್ತೇನೆ, ಬೇಕಾದಷ್ಟು ಅದೇ ತಿನ್ನುತ್ತದೆ. ನಿಮ್ಮ ಕೋಳಿಯೂ ಹೀಗೆ ತಿಣುಕುತ್ತಾ ಒಂದು ದಿನದೊಳಗೆ ಮೊಟ್ಟೆ ಇಡದಿದ್ದರೆ ಕಾಯಬೇಡಿ, ಪಶು ಆಸ್ಪತ್ರೆಗೆ ಒಯ್ಯಿರಿ.

ನಿನ್ನೆ ಇಟ್ಟ ಮೊಟ್ಟೆಯ ಸಿಪ್ಪೆ ನಯವಾಗಿ, ಗಟ್ಟಿಯಾಗಿತ್ತು. ಬೆಚ್ಚನೆಯ ನೀರು ಹೇಳಿದ ಅಕ್ಕನಿಗೆ ತುಂಬಾ ಥ್ಯಾಂಕ್ಸ್.