ಡಿಕೋಡ್: ಬಿಡಿಸುವುದಾ, ಒಡೆಯುವುದಾ, ಓದುವುದಾ?

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ನಮ್ಮ ಅಡಿಕೆ ತೋಟದ ಪಂಪಿಗೆ ಎರಡು ರೇಡಿಯೋ ರಿಮೋಟ್ ಇದ್ದವು. ಒಂದು ಮಳೆಯಲ್ಲಿ ನೆನೆದು ಕೆಟ್ಟಿತು. ಉಳಿದದ್ದನ್ನು ನೋಡಿ ಇನ್ನೊಂದು ಮಾಡಿಕೊಳ್ಳೋಣ ಎಂದು ಆರ್ಡುಯಿನೊ ಬೋರ್ಡು (ನಾವೇ ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಕಂಪ್ಯೂಟರ್), 433 ಮೆಗಾಹರ್ಟ್ಸ್ ರಿಸೀವರ್ ತಂದು ಕೂತೆ. ಕೆಲಸ ಆಯಿತು. ಅದನ್ನು ಹತ್ತನೇ ಕ್ಲಾಸಿನ ಅಕ್ಕನ ಮಗನಿಗೆ ಕನ್ನಡದಲ್ಲಿ ಬರೆದುಕೊಡಲು ಹೋದರೆ ಮೊದಲ ಸಾಲಿಗೇ ಪೆನ್ನು ನಿಂತಿತು. ‘ರಿಮೋಟಿನ ಸಿಗ್ನಲ್ ಡಿಕೋಡ್ ಮಾಡುವುದು’, ಅಂದರೆ ಸಿಗ್ನಲ್ಲಿನೊಳಗಿನ ಕೋಡ್ ಏನೆಂದು ತಿಳಿಯುವುದು, ಅನ್ನೋದಕ್ಕೆ ಏನು ಬರೆಯಲಿ?

ಸಿಗ್ನಲ್ಲಿಗೂ ‘ಸಂಕೇತ’, ಕೋಡಿಗೂ ‘ಸಂಕೇತ’ ಎಂದು ಬರೆಯುವವರಿದ್ದಾರೆ. ಹಾಗಾದರೆ ನಾನು ‘ಸಂಕೇತದೊಳಗಿನ ಸಂಕೇತ’ ಎಂದು ಬರೆಯಬೇಕಾಗುತ್ತದೆ. ‘ವಿಸಂಕೇತನ’ ಅಂದರೆ ಹುಡುಗ ಅಲ್ಲಿಗೇ ಎದ್ದು ಹೋಗುತ್ತಾನೆ.

‘ಒಡೆ’ ನನಗೆ ಹಿಡಿಸಲಿಲ್ಲ. ಕೋಡ್ ಒಡೆದೆ ಅಂದರೆ ಬೀಗ ಒಡೆದ ಹಾಗೆ, ಕಳ್ಳತನದ ವಾಸನೆ. ಪ್ರತಿ ಸಲ ಒತ್ತಿದಾಗಲೂ ಕೋಡ್ ಬದಲಾಗುವ ಕಾರಿನ ಕೀಗೆ ಆ ಮಾತು ಸರಿಹೋದೀತು. ನನ್ನ ರಿಮೋಟಿನಲ್ಲಿ ಗುಟ್ಟೇ ಇಲ್ಲ. ಯಾವಾಗ ಒತ್ತಿದರೂ ಅದೇ 24 ಬಿಟ್, ಅಂದರೆ 0 ಮತ್ತು 1ಗಳ ಅದೇ ಸಾಲು. ಮೊದಲ 20 ರಿಮೋಟಿನ ಗುರುತು, ಕೊನೆಯ 4 ಯಾವ ಗುಂಡಿ ಎಂಬುದು.

‘ಬಿಡಿಸು’ ಪರವಾಗಿಲ್ಲ ಅನ್ನಿಸುತ್ತದೆ. ಲೆಕ್ಕ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ. ಹಲಸಿನ ಕಾಯಿ ಒಡೆದ ಮೇಲೆ ಸೊಳೆ ಬಿಡಿಸುತ್ತೇವಲ್ಲ, ಇದೂ ಅದೇ ಕೆಲಸ: ಮೇಣದಂಥ ಗದ್ದಲದ ನಡುವಿನಿಂದ ಒಂದೊಂದೇ ಬಿಟ್ ಎತ್ತಿ ಇಡುವುದು. (ಈ ಅಗ್ಗದ ರಿಸೀವರು ರಿಮೋಟ್ ಸುಮ್ನಿದ್ದಾಗಲೂ ಏನೇನೋ ಒದರುತ್ತಲೇ ಇರುತ್ತದೆ.) ಆದರೆ ‘ಸಿಗ್ನಲ್ ಬಿಡಿಸು’ ಅಂದಾಗ ಹುಡುಗ ಕೇಳಿದ್ದು: “ಚಿತ್ರ ಬಿಡಿಸೋದಾ ಮಾವ?”

ನಾನು ನಿಜವಾಗಿಯೂ ಚಿತ್ರವನ್ನೇ ಬಿಡಿಸಿ ತೋರಿಸಿದೆ. ಸಿಗ್ನಲ್ ಏರುವ, ಇಳಿಯುವ ಕ್ಷಣಗಳನ್ನು ಬೋರ್ಡು ಗುರುತು ಹಾಕಿಕೊಳ್ಳುತ್ತದೆ. ನಡುವಿನ ಸಮಯವನ್ನು ಅಳೆಯುತ್ತದೆ. ನನ್ನದರಲ್ಲಿ ಗಿಡ್ಡ ತುಣುಕು ಸುಮಾರು 350 ಮೈಕ್ರೊಸೆಕೆಂಡ್, ಉದ್ದದ್ದು ಅದರ ಮೂರು ಪಟ್ಟು. ಸಿಗ್ನಲ್ ಇರುವ ಹೊತ್ತನ್ನು ದನಿ, ಇಲ್ಲದ ಹೊತ್ತನ್ನು ಮೌನ ಅನ್ನೋಣ. ದನಿ ಮೂರು, ಮೌನ ಒಂದು ಆದರೆ ಬಿಟ್ 1. ದನಿ ಒಂದು, ಮೌನ ಮೂರು ಆದರೆ 0. ಚಿತ್ರ ನೋಡಿದವನೇ ಹುಡುಗ, “ಇದು ಪ್ರಸ್ತಾರ ಹಾಕಿದ ಹಾಗೇ ಇದೆಯಲ್ಲ!” ಅಂದ.

ಆಗ ನನಗೆ ಹೊಳೆಯಿತು. ಗಿಡ್ಡದ್ದು ಲಘು, ಒಂದು ಮಾತ್ರೆ. ಉದ್ದದ್ದು ಗುರು ಅಲ್ಲ, ಗುರುವಿಗೆ ಎರಡೇ ಮಾತ್ರೆ. ಮೂರು ಮಾತ್ರೆ ಅಂದರೆ ಪ್ಲುತ! ದೂರದವರನ್ನು ಕರೆಯುವಾಗ ಎಳೆಯುವ ಸ್ವರ. ತೋಟದ ಕೆಳಗಿದ್ದವನನ್ನು ‘ಮಂಜಾ’ ಎಂದು ಎಳೆದು ಕರೆಯುತ್ತೇವಲ್ವಾ, ಅದೇ. ದೂರದಿಂದ ಪಂಪನ್ನು ಕರೆಯುವುದಕ್ಕೂ ಅದೇ ಬಂತು.

ಅಲ್ಲಿಗೆ ಒಂದು ಬಿಟ್ ಅಂದರೆ ನಾಲ್ಕು ಮಾತ್ರೆಯ ಒಂದು ಗಣ, ಕಂದಪದ್ಯದ್ದೇ ಅಳತೆ. 24 ಗಣಕ್ಕೆ 96 ಮಾತ್ರೆ. ಶುರುವಿನಲ್ಲಿ ‘ಈಗ ಹೊಸ ಸಾಲು’ ಎಂದು ತಿಳಿಸಲು ಒಂದು ಮಾತ್ರೆ ದನಿ, 31 ಮಾತ್ರೆ ಮೌನ. ಎಲ್ಲ ಸೇರಿ 128. ಒಂದು ಕಂದಕ್ಕೆ 64 ಮಾತ್ರೆ, ಅಂದರೆ ಗುಂಡಿ ಒತ್ತಿದ ಸುಮಾರು 45 ಮಿಲಿಸೆಕೆಂಡಿಗೆ ಎರಡು ಕಂದಪದ್ಯ. ಇದು ಕಾಕತಾಳೀಯ, ಗೊತ್ತು. ಆದರೂ ಲೆಕ್ಕ ಹಾಕಿ ಖುಷಿಪಟ್ಟೆ.

ಈಗ ನನ್ನ ಪ್ರಶ್ನೆಗಳು. ಗುಟ್ಟಿಲ್ಲದ ಕಡೆ ಡಿಕೋಡ್‌ಗೆ ಬರೀ ‘ಓದು’ ಸಾಕಾ, ‘ಬಿಡಿಸಿ ಓದು’ ಅನ್ನಬೇಕಾ? ನನ್ನ ಒಲವು ಎರಡನೆಯದಕ್ಕೆ. ಶುರುವಿನ ಆ ಉದ್ದ ಮೌನಕ್ಕೆ ‘ಯತಿ’ ಅನ್ನಬಹುದಾ? ಯತಿ ಸಾಲಿನ ನಡುವೆ ಬರುವುದು, ಇದು ಸಾಲಿಗೂ ಮುಂಚೆ ಬರುತ್ತದೆ, ಅಲ್ಲೇ ಅನುಮಾನ. ರಿಮೋಟ್ ಎಷ್ಟು ದೂರಕ್ಕೆ ಮುಟ್ಟುತ್ತದೆ ಅನ್ನೋದಕ್ಕೆ ಮಾತ್ರ ಯಾರನ್ನೂ ಕೇಳದೆ ‘ಕೂಗಳತೆ’ ಎಂದು ಬರೆದುಬಿಟ್ಟಿದ್ದೇನೆ.