ಮುಖ ಕಾಣದ ಪೋಕರ್ ಟೇಬಲ್‌ನಲ್ಲಿ ಎದುರಾಳಿಯನ್ನು ಓದುವುದು ಹೇಗೆ?

ಪ್ರಶ್ನೆ (ಹಿಂಜವಡಿ, ಪುಣೆ): ನಮಸ್ಕಾರ ಸರ್. ಪುಣೆ, ಮುಂಬೈಯಲ್ಲಿರುವ ನಾವೊಂದಿಷ್ಟು ಕನ್ನಡದವರು ಶನಿವಾರ ರಾತ್ರಿ ಮೊಬೈಲ್‌ನಲ್ಲಿ ಟೆಕ್ಸಾಸ್ ಹೋಲ್ಡೆಮ್ (ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬರುವ ಪೋಕರ್) ಆಡುತ್ತೇವೆ. ದುಡ್ಡಿಲ್ಲ, ಪುಕ್ಕಟೆ ಚಿಪ್ಸ್ ಅಷ್ಟೇ. ಎದುರು ಕೂತು ಆಡಿದರೆ ಮುಖ ನೋಡಿ ಏನಾದರೂ ಊಹಿಸಬಹುದು. ಇಲ್ಲಿ ಹೇಗೆ? ಬೇಗ ಬೆಟ್ ಮಾಡಿದರೆ (ಚಿಪ್ಸ್ ಪಣಕ್ಕಿಟ್ಟರೆ) ಬ್ಲಫ್ (ಒಳ್ಳೆ ಎಲೆ ಇಲ್ಲದೆ ಹೆದರಿಸುವುದು), ತಡ ಮಾಡಿದರೆ ಒಳ್ಳೆ ಎಲೆ ಅಂತಾರೆ. ನಿಜಾನಾ?

ಉತ್ತರ (ಪೋಕರ್ ತರಬೇತುದಾರ, ಪಣಜಿ): ಮುಖ ಕಾಣದಿದ್ದರೆ ಅಂಥ ನಷ್ಟವೇನೂ ಇಲ್ಲ. 2017ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರರ ಎದುರು 1,20,000 ಕೈ (ಒಂದು ಕೈ ಅಂದರೆ ಎಲೆ ಹಂಚಿ ಆಡಿದ ಒಂದು ಆಟ) ಆಡಿ ಗೆದ್ದಿತು. ಅದು ಯಾರ ಮುಖವನ್ನೂ ನೋಡಲಿಲ್ಲ.

ನೀವು ಮೊದಲು ಒಬ್ಬೊಬ್ಬರ ಮಾಮೂಲಿ ಆಟ ಏನು ಅಂತ ತಿಳಿದುಕೊಳ್ಳಿ. ಯಾರು ಎಷ್ಟು ಸಲ ಆಟಕ್ಕೆ ಇಳಿಯುತ್ತಾರೆ, ಅದರಲ್ಲಿ ಎಷ್ಟು ಸಲ ರೈಸ್ (ಬೆಟ್ ಏರಿಸುವುದು), ಎಷ್ಟು ಸಲ ಸುಮ್ನೆ ಕಾಲ್ (ಎದುರಾಳಿ ಹಾಕಿದಷ್ಟೇ ಹಾಕುವುದು). ಕೈಗೆ ಜೋಡಿ ಎಲೆ ಬರುವುದು ಸರಾಸರಿ 17ಕ್ಕೆ ಒಂದು ಸಲ. ಎಕ್ಕದ ಜೋಡಿ 221ಕ್ಕೆ ಒಂದು ಸಲ. ಹಾಗಾಗಿ ರಾತ್ರಿಯಿಡೀ ಅರ್ಧಕ್ಕರ್ಧ ಕೈಗಳಲ್ಲಿ ರೈಸ್ ಮಾಡುವವನ ಹತ್ತಿರ ಪ್ರತಿ ಸಲ ಒಳ್ಳೆ ಎಲೆ ಇರೋದು ಸಾಧ್ಯವೇ ಇಲ್ಲ. ಆದರೆ ಹತ್ತಿಪ್ಪತ್ತು ಕೈ ನೋಡಿ ಯಾರಿಗೂ ಹಣೆಪಟ್ಟಿ ಕಟ್ಟಬೇಡಿ. ಅಷ್ಟು ಹೊತ್ತು ನಿಜಕ್ಕೂ ಒಳ್ಳೆ ಎಲೆ ಬಂದಿರಬಹುದು.

ಎಲ್ಲಕ್ಕಿಂತ ಜಾಸ್ತಿ ಹೇಳುವುದು ಶೋಡೌನ್, ಅಂದರೆ ಕೊನೆಗೆ ಎಲೆ ತೆರೆದು ತೋರಿಸುವುದು. ಬಹಳ ಜನ ಫೋಲ್ಡ್ ಮಾಡಿದ (ಆ ಕೈ ಬಿಟ್ಟುಕೊಟ್ಟ) ಕೂಡಲೇ ವಾಟ್ಸ್ಯಾಪ್ ತೆಗೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ! ಕಲಿಯುವುದು ಇರೋದೇ ಅಲ್ಲಿ. ಎಲೆ ತೆರೆದಾಗ ಆ ಕೈಯನ್ನು ಹಿಂದಕ್ಕೆ ಓದಿ. ಉದಾಹರಣೆಗೆ ಫ್ಲಾಪ್‌ನಲ್ಲಿ (ಮೇಜಿನ ಮೊದಲ ಮೂರು ಎಲೆ) ಎರಡು ಆಟಿನ್ ಬಿದ್ದಿವೆ. ಪಾಟ್‌ನಲ್ಲಿ (ಎಲ್ಲರ ಬೆಟ್ ಸೇರುವ ರಾಶಿ) 300 ಚಿಪ್ಸ್. ನಿಮ್ಮ ಗೆಳೆಯ 100 ಬೆಟ್ ಮಾಡಿದ. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಚೆಕ್, ಅಂದರೆ ಬೆಟ್ ಮಾಡಲಿಲ್ಲ. ರಿವರ್‌ನಲ್ಲಿ (ಕೊನೆಯ, ಐದನೇ ಎಲೆ) ಮೂರನೇ ಆಟಿನ್ ಬಂದದ್ದೇ ಪಾಟ್‌ನಷ್ಟೇ ದೊಡ್ಡ ಬೆಟ್. ತೆರೆದು ನೋಡಿದರೆ ಫ್ಲಶ್, ಅಂದರೆ ಒಂದೇ ಜಾತಿಯ ಐದು ಎಲೆ. ಈಗ ಎರಡು ಸಂಗತಿ ಗೊತ್ತಾಯಿತು: ಫ್ಲಶ್‌ಗೆ ಕಾಯುವಾಗ ಅವನು ಸಣ್ಣ ಬೆಟ್ ಹಾಕಿ ಅಗ್ಗದಲ್ಲಿ ಮುಂದಿನ ಎಲೆ ನೋಡುತ್ತಾನೆ, ಸಿಕ್ಕಿದ ಮೇಲೆ ದೊಡ್ಡದು ಹಾಕುತ್ತಾನೆ. ಆ್ಯಪ್‌ನಲ್ಲಿ ಅವನ ಹೆಸರಿನ ಪಕ್ಕ ನೋಟ್ ಬರೆಯಲು ಜಾಗವಿದ್ದರೆ ಬರೆದಿಡಿ. ಇನ್ನೊಂದೆರಡು ಸಲ ಹೀಗೇ ಕಂಡರೆ ನಂಬಬಹುದು. ಬೆಟ್ಟಿನ ಅಳತೆ ಕೈಯ ಬಲಕ್ಕೆ ತಕ್ಕ ಹಾಗೆ ಬದಲಾಗುವುದು ಹವ್ಯಾಸಿಗಳಲ್ಲಿ ತುಂಬಾ ಸಾಮಾನ್ಯ.

ಇನ್ನು ಸಮಯ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಬೆಟ್‌ಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಾಲ್ ಬಂದರೆ ಅದು ಹೆಚ್ಚಾಗಿ ಮಧ್ಯಮ ಕೈ, ಇಲ್ಲವೇ ಒಂದು ಎಲೆಗೆ ಕಾಯುತ್ತಿರುವ ಕೈ. ಬಲವಾದ ಕೈ ಇದ್ದವನು ರೈಸ್ ಮಾಡಲೋ ಅಂತ ಒಂದು ಕ್ಷಣ ಯೋಚಿಸುತ್ತಾನೆ, ಸೋತ ಕೈ ಇದ್ದವನು ಬಿಡಲೋ ಅಂತ ಯೋಚಿಸುತ್ತಾನೆ. ತಡ ಆಗುವುದಕ್ಕೆ ಮಾತ್ರ ನೂರೆಂಟು ಕಾರಣ. ನಿಮ್ಮ ಗೆಳೆಯ ಮುಂಬೈಯಿಂದ ಪುಣೆಗೆ ರೈಲಿನಲ್ಲಿ ಬರುತ್ತಿದ್ದರೆ, ಕರ್ಜತ್ ದಾಟಿದ ಮೇಲೆ ಘಾಟಿಯ ಸುರಂಗದೊಳಗೆ ನೆಟ್ ಹೋಗಿರುತ್ತೆ, ಅವನು ಯೋಚನೆ ಮಾಡುತ್ತಿರಲ್ಲ.

ಪ್ರಶ್ನೆ (ಡೊಂಬಿವಲಿ): ನಮ್ಮಲ್ಲಿ ಒಬ್ಬರು ಎಲ್ಲದಕ್ಕೂ ಕಾಲ್ ಮಾಡುತ್ತಾರೆ. ಎಷ್ಟು ಬ್ಲಫ್ ಮಾಡಿದರೂ ಬಿಡಲ್ಲ. ಏನು ಮಾಡೋದು?

ಉತ್ತರ: ಬ್ಲಫ್ ನಿಲ್ಲಿಸಿ. ಪುಕ್ಕಟೆ ಚಿಪ್ಸ್ ಆಟದಲ್ಲಿ ಕಳೆದುಕೊಳ್ಳುವ ಭಯವಿಲ್ಲ, ಯಾರೂ ಸುಲಭಕ್ಕೆ ಫೋಲ್ಡ್ ಮಾಡಲ್ಲ. ಒಳ್ಳೆ ಕೈ ಬಂದಾಗ ದೊಡ್ಡ ಬೆಟ್ ಮಾಡಿ, ಅವರು ಕೊಡುತ್ತಾರೆ. ಆದರೆ ಅದೇ ಮನುಷ್ಯ ಟರ್ನ್‌ನಲ್ಲೋ ರಿವರ್‌ನಲ್ಲೋ ಇದ್ದಕ್ಕಿದ್ದಂತೆ ರೈಸ್ ಮಾಡಿದರೆ, ನಿಮ್ಮ ಹತ್ತಿರ ಎಕ್ಕದ ಜೋಡಿ ಇದ್ದರೂ ಬಿಡುವ ಯೋಚನೆ ಮಾಡಿ. ಯಾವಾಗಲೂ ಕಾಲ್ ಮಾಡುವವರ ರೈಸ್ ಸುಳ್ಳಾಗುವುದು ತೀರಾ ಅಪರೂಪ.

ಪ್ರಶ್ನೆ (ವಾಸ್ಕೊ): ಇಷ್ಟು ಕಲಿತ ಮೇಲೆ ಹಣ ಕಟ್ಟಿ ಆಡುವ ಆ್ಯಪ್ ಯಾವುದು ಒಳ್ಳೆಯದು ಸರ್?

ಉತ್ತರ: ಯಾವುದನ್ನೂ ಹೇಳಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ, ಹಣ ಕಟ್ಟಿಸಿ ಆನ್‌ಲೈನ್ ಆಟ ಆಡಿಸುವುದನ್ನು ನಿಷೇಧಿಸಿದೆ. ಕೌಶಲ್ಯದ ಆಟ ಅಂದರೂ ವಿನಾಯಿತಿ ಇಲ್ಲ. ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳು ನಡೆಯುವುದು ಗೋವಾದ 1976ರ ಜೂಜು ಕಾಯ್ದೆಯಡಿ, ಆ ಲೆಕ್ಕ ಬೇರೆ. ವಿದೇಶಿ ಸೈಟ್‌ನಲ್ಲಿ ಆಡಿಸುತ್ತೇವೆ ಅಂತ ಟೆಲಿಗ್ರಾಂನಲ್ಲಿ ಕರೆಯುವವರ ಹತ್ತಿರ ಹೋಗಲೇಬೇಡಿ. ದುಡ್ಡು ಸಿಕ್ಕಿಕೊಂಡರೆ ಕೇಳುವವರು ಇರಲ್ಲ.

ಪ್ರಶ್ನೆ (ಹಿಂಜವಡಿ): ಧನ್ಯವಾದ ಸರ್. ಚಾಟ್‌ನಲ್ಲಿ ಕೆಣಕುವವರನ್ನೂ ಓದಬಹುದಾ?

ಉತ್ತರ: ಓದಬಹುದು. ಒಂದು ದೊಡ್ಡ ಪಾಟ್ ಸೋತ ಕೂಡಲೇ ಚಾಟ್‌ನಲ್ಲಿ ಸಿಟ್ಟು ಮಾಡಿಕೊಂಡವನು ಮುಂದಿನ ಕೆಲವು ಕೈಗಳಲ್ಲಿ ಸಿಕ್ಕಿದ್ದಕ್ಕೆಲ್ಲ ರೈಸ್ ಮಾಡುತ್ತಾನಾ ಅಂತ ನೋಡಿ. ಮಾಡಿದರೆ, ಸಾಧಾರಣ ಜೋಡಿ ಇದ್ದರೂ ಕಾಲ್ ಮಾಡಿ. ತಿರುಗಿ ಚಾಟ್ ಮಾತ್ರ ಮಾಡಬೇಡಿ, ಅವರೂ ನಿಮ್ಮನ್ನು ಓದುತ್ತಿರುತ್ತಾರೆ ಅಲ್ವಾ.