ಸಹಾಯ ಬೇಕು: ಮಗುವಿನ ಕುಲಾವಿ ಅಲೆ ಅಲೆಯಾಗಿ ಏಳುತ್ತಿದೆ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗುವಿಗೆ ಹಬ್ಬದ ಉಡುಗೊರೆಯಾಗಿ ನನ್ನ ಕೈಯಾರೆ ಕ್ರೋಶಾ ಅಂಗಿ, ಕುಲಾವಿ, ಕಾಲುಚೀಲ ಮಾಡಿಕೊಡಬೇಕು ಅಂತ ತುಂಬಾ ಆಸೆ. ಕುಲಾವಿಯಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಪ್ಯಾಟರ್ನ್ (ಹೆಣೆಯುವ ಕ್ರಮ ಬರೆದ ಸೂಚನೆ) ಪ್ರಕಾರ ಮೊದಲ ಸುತ್ತಿಗೆ 12 ಡಬಲ್ ಕ್ರೋಶಾ ಹೊಲಿಗೆ, ಆಮೇಲೆ ಪ್ರತಿ ಸುತ್ತಿಗೂ 12 ಜಾಸ್ತಿ. ಅಂದರೆ 24, 36, 48. ಹಾಗೇ ಹಾಕಿದೆ. ಮೂರನೇ ಸುತ್ತಿಗೇ ಅಂಚು ಎದ್ದು ನಿಂತಿತು. ಮೇಜಿನ ಮೇಲಿಟ್ಟು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ.

4 ಮಿ.ಮೀ. ಕಡ್ಡಿ ಬಿಟ್ಟು 3.5 ತಗೊಂಡೆ. ಹೊಲಿಗೆ ಎಣಿಸಿ ಎಣಿಸಿ ನೋಡಿದೆ, ಲೆಕ್ಕ ಸರಿಯಿದೆ. ನಾಲ್ಕು ಸಲ ಬಿಚ್ಚಿದ್ದಕ್ಕೆ ಮೆತ್ತನೆಯ ಹತ್ತಿ ನೂಲಿನ ಎಳೆಗಳು ಬಿಟ್ಟುಕೊಳ್ಳುತ್ತಿವೆ, ನೋಡಿದರೆ ಸಂಕಟವಾಗುತ್ತದೆ.

ನನ್ನ ಗೊಂದಲ ಇದು. ನಾನು ಕಲಿತದ್ದು ಬ್ರಿಟಿಷ್ ಹೆಸರುಗಳಲ್ಲಿ. ಅದರಲ್ಲಿ ಡಬಲ್ ಅಂದರೆ ಗಿಡ್ಡ ಹೊಲಿಗೆ, ಕಡ್ಡಿಗೆ ಮೊದಲೇ ನೂಲು ಸುತ್ತಿಕೊಳ್ಳುವುದಿಲ್ಲ. ಕುಲಾವಿಗೆ ನಾನು ಹಾಕಿದ್ದೂ ಇದನ್ನೇ. ಅಮೆರಿಕದವರು ಅದನ್ನೇ ಸಿಂಗಲ್ ಅಂತಾರೆ. ಅವರ ಡಬಲ್ ಎತ್ತರದ್ದು, ನಾನು ಟ್ರೆಬಲ್ ಅಂತ ಕಲಿತದ್ದು. ಪ್ಯಾಟರ್ನ್‌ನಲ್ಲಿ ಯಾವ ಪದ್ಧತಿ ಅಂತ ಬರೆದಿಲ್ಲ, ಸಿಂಗಲ್ ಅನ್ನೋ ಪದವೂ ಇಲ್ಲ. ಆದರೆ ಪ್ರತಿ ಸುತ್ತೂ ಹೊಲಿಗೆಯ ಎತ್ತರಕ್ಕೆ ಏರಲು ಹಾಕುವ 3 ಚೈನ್‌ನಿಂದ ಶುರುವಾಗುತ್ತದೆ. ಗಿಡ್ಡ ಹೊಲಿಗೆಗೆ 1 ಚೈನ್ ಸಾಕು ಅಲ್ವಾ?

ಹಾಗಾದರೆ ಇದು ಅಮೆರಿಕನ್ ಪ್ಯಾಟರ್ನ್ ಅಂತ ತಿಳಿದು ಟ್ರೆಬಲ್ ಹಾಕಿ ಮೊದಲಿನಿಂದ ಶುರು ಮಾಡಲಾ? ಅಥವಾ ಗಿಡ್ಡ ಹೊಲಿಗೆಯನ್ನೇ ಇಟ್ಟುಕೊಂಡು ಸುತ್ತಿಗೆ 6 ಮಾತ್ರ ಹೆಚ್ಚಿಸಲಾ? ಮಗುವಿನ ತಲೆಗೆ ಯಾವುದು ಮೆತ್ತಗೆ ಕೂರುತ್ತದೆ, ಮಾಡಿ ನೋಡಿದವರು ದಯವಿಟ್ಟು ಹೇಳಿ.